ಭೂಗೋಳ ಓದಿದ್ರ ಬಿ.ಎಡ್ ಒಂದ ದಾರಿಯೇನ್ರಿ?

ಇದ ಪ್ರಶ್ನೆ ಇಟ್ಕೊಂಡು ಈ ವರ್ಷ ನನ್ನ ಹತ್ರ ಕರಿಯರ್ ಸಲಹೆ ಕೇಳಾಕ ಬಂದಾವ್ರಾಗ ಈಕಿ ಐದನೇದಾಕಿ, ಅದಕ್ಕ ಬರಿಯಾಕತ್ತೀನಿ. ಬಿ.ಎ. ಕೊನೇ ವರ್ಷ, ಊರು ಧಾರವಾಡ ಕಡಿ ಬೆಣ್ಣಿಹಳ್ಳದ ದಂಡಿಗೆ, ಉಳಿದ ಗುರುತು ಬದಲಿಸೀನಿ. ಮನ್ಯಾಗ ಬಿ.ಎಡ್ ಅಂತಾರ, ಆಕಿಗೆ ಮ್ಯಾಪಿಂಗ್ ಹುಚ್ಚು, ನಡುವ ಅಪ್ಪನ ಕೈಯಾಗ ಯಾವ್ದೋ ಇನ್‌ಸ್ಟಿಟ್ಯೂಟಿನ ಪಾಂಪ್ಲೆಟ್, ಆರು ತಿಂಗಳ ಜಿಐಎಸ್ (ಕಂಪ್ಯೂಟರಿನ್ಯಾಗ ನಕ್ಷೆ ಮಾಡೋ) ಕೋರ್ಸು, 90 ಸಾವಿರ ಫೀ, ನೌಕರಿ ಗ್ಯಾರಂಟಿ ಅಂತ ಕೆಂಪಕ್ಷರದಾಗ.

ಎರಡನೇ ಸಲ ಬಂದಾಗ ಆ ಪಾಂಪ್ಲೆಟ್ ಬೋರಲ ಹಾಕಿ, ಇದರ ಹಿಂದ ನಿಮ್ಮೂರು ತಗಿಯವ್ವಾ ಅಂದೆ. ಇಪ್ಪತ್ತು ನಿಮಿಷ ತಲಿ ಎತ್ತಲಿಲ್ಲ ಹುಡುಗಿ. ಹಳ್ಳ, ಮಳಿಗಾಲಕ್ಕ ಮುಳುಗೋ ಸೇತುವಿ, ನೀರು ಹೊಕ್ಕೋ ಹೊಲಕ್ಕ ಗೆರಿ, ಹೊಗದಿದ್ದಕ್ಕ ಚುಕ್ಕಿ. ಈ ದಿಬ್ಬ ಹೆಂಗ ಗೊತ್ತಾತು ಅಂದ್ರ, "ಹಳ್ಳ ಬಂದಾಗ ಅಜ್ಜ ಎತ್ತು ಕಟ್ಟಾಕ ಅಲ್ಲೇ ಹೊಡ್ಕೊಂಡ್ ಹೋಗ್ತಿದ್ರಲ್ರೀ" ಅಂದ್ಲು. ಅಪ್ಪ ಹಾಳಿ ನೋಡಿದ್ರು, ತಿರುಗಿಸಿ ನೋಡಿದ್ರು. "ಬರೋಬ್ಬರಿ ಐತ್ರಿ. ಆದ್ರ ಇದಕ್ಕ ಪಗಾರ ಯಾರ್ ಕೊಡ್ತಾರ?"

ಸುಳ್ಳು ಹೇಳಲಿಲ್ಲ ನಾ. 2021ರಾಗ ಸರ್ಕಾರ ನಕ್ಷೆ ಮಾಡೋ ನಿಯಮ ಸಡಿಲ ಮಾಡೇತಿ, ಹಳ್ಳಿ ಮನಿಗೆ ಹಕ್ಕಿನ ಕಾಗದ ಕೊಡೋ ಕೇಂದ್ರದ ಸ್ವಾಮಿತ್ವ ಯೋಜನೆದಾಗ ಡ್ರೋನ್ ಹಾರ್ಸಿ ಹಳ್ಳಿ ಮನಿ ಅಳಿಯಾಕತ್ಯಾರ, ಕೆಲಸ ಐತಿ, ಆದ್ರ ಮೊದಲೆರಡು ವರ್ಷ ಕಂಪನಿಯಾಗ ಸ್ಯಾಟಲೈಟ್ ಚಿತ್ರದ ಮ್ಯಾಲ ಗೆರಿ ಎಳಿಯೋದ, ಪಗಾರ ಕಡಿಮಿ, ಕಣ್ಣು ಉರೀತಾವ ಅಂದೆ. ಇಷ್ಟು ಅಂಜಿಸಬಾರದಿತ್ತು ಅಂತ ನಮ್ಮ ಸೀನಿಯರ್ ಒಬ್ರು ಅಂದ್ರು. ಅಂಜಿಸಿದ್ದಲ್ಲ ಅದು, ಗ್ಯಾರಂಟಿ ನಂಬಿ ಹೊಲದ ಮ್ಯಾಲ ಸಾಲ ತಗದಾವ್ರನ್ನ ಸಂಭಾಳಿಸೋದೂ ನನ್ನ ಪಾಲಿಗೇ ಬರ್ತೈತಿ.

ನಾ ಹೇಳಿದ್ದಿಷ್ಟ: 90 ಸಾವಿರ ಕಟ್ಟಬ್ಯಾಡ್ರಿ. ನಕ್ಷೆ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ, ಡೆಹ್ರಾಡೂನಿನ ಐಐಆರ್‌ಎಸ್ ಅಂತ ಸ್ಯಾಟಲೈಟ್ ಚಿತ್ರದ ವಿದ್ಯೆ ಕಲಿಸೋ ಸಂಸ್ಥೆ ಐತಿ, ಇಸ್ರೋದ್ದು, ಅದ್ರಾಗೂ ಆನ್‌ಲೈನ್ ಪುಕ್ಕಟೆ ಕೋರ್ಸ್ ಅದಾವ. ಮೂರು ತಿಂಗಳಾಗ ಈ ಹಾಳಿಯನ್ನ ಖರೇ ನಕ್ಷೆ ಮಾಡು, ಬ್ಯಾಸರ ಬರಲಿಲ್ಲಂದ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಾಗ ಭೂಗೋಳ ಪಿಜಿಗೆ ಅರ್ಜಿ ಹಾಕು, ಬ್ಯಾಸರ ಬಂತಂದ್ರ ಬಿ.ಎಡ್ ಏನ್ ಎಲ್ಲೂ ಓಡಿ ಹೋಗಂಗಿಲ್ಲ.

ಹೋದ ವಾರ ಫೋನ್ ಮಾಡಿದ್ಲು, ನಗು ತಡಿಯಾಕ ಆಗವಲ್ದು ಆಕಿಗೆ. ಹೊಲ ಹೊಲ ತಿರುಗಿ ತಗೊಂಡ ಜಿಪಿಎಸ್ ಪಾಯಿಂಟ್ ಹಾಕೋ ಮುಂದ ಯುಟಿಎಂ ಝೋನ್ (ನಕ್ಷೆಗಂತ ಭೂಮಿನ ಉದ್ದುದ್ದಕ ಪಟ್ಟಿ ಪಟ್ಟಿ ಮಾಡಿ ಕೊಟ್ಟ ನಂಬರ್) ನಮ್ಮ ಕಡಿದು 43 ಬದ್ಲಿ ಮಗ್ಗಲಿನ 44 ಒತ್ಯಾಳ, ಊರು ಹೋಗಿ ಬಂಗಾಳ ಕೊಲ್ಲಿಯಾಗ ಕುಂತೈತಿ. ಅಪ್ಪ ಹಿಂದ ನಿಂತು ನೋಡಿ, "ಹಳ್ಳದ ನೀರು ಸಾಲಲಿಲ್ಲೇನ ನಿನಗ?" ಅಂದ್ರಂತ.