ವಿಡಿಯೊ ಕರೆಯಲ್ಲೇ ಸಿಒಪಿಡಿ ವ್ಯಾಯಾಮ ಸಾಕೇ?

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇರುವ ತಂದೆಯವರನ್ನು ವಾರಕ್ಕೆರಡು ಬಾರಿ ನಗರದ ವ್ಯಾಯಾಮ ಕೇಂದ್ರಕ್ಕೆ ಕರೆದೊಯ್ಯಲಾಗದು, ವಿಡಿಯೊ ಕರೆಯ ವ್ಯಾಯಾಮ ಸಾಕೇ ಎಂದು ಕೇಳಿದ್ದೀರಿ. ಸಾಕು ಸರ್. ಕೇಂದ್ರಕ್ಕೆ ಹೋಗುವುದೋ ದೂರದಿಂದಲೇ ಮಾಡುವುದೋ, ಆಯ್ಕೆ ರೋಗಿಗಿರಲಿ ಎಂದು ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿಯ 2023ರ ಮಾರ್ಗಸೂಚಿಯೇ ಹೇಳುತ್ತದೆ.

ಆದರೆ ಮೊದಲ ತಪಾಸಣೆ ಎದುರಿಗೇ ಆಗಲಿ. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ರಕ್ತದ ಆಮ್ಲಜನಕ ಎಷ್ಟು ಇಳಿಯುತ್ತದೆಂದು ತಿಳಿಯದೆ ಆರಂಭಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮನೆಯಲ್ಲಿ ಬೆರಳಿಗೆ ಸಿಕ್ಕಿಸಿ ಆ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇರಲಿ (ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗಾಗಿಸಿ). ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ, ಆಮ್ಲಜನಕ ಶೇ 88ಕ್ಕಿಂತ ಕೆಳಗಿಳಿದಾಗ ವ್ಯಾಯಾಮ ನಿಲ್ಲಿಸಿ ಕುಳಿತು, ಶಿಳ್ಳೆ ಹಾಕುವಂತೆ ತುಟಿ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡಲಿ. ಮಾತನಾಡಲು ಸಾಧ್ಯವಾಗುವಷ್ಟು ಏದುಸಿರಿಗೆ ಹೆದರಬೇಡಿ, ಅದು ವ್ಯಾಯಾಮದ ಭಾಗವೇ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ತಂದೆಯವರು ವ್ಯಾಯಾಮ ಮಾಡುವಾಗ ಮನೆಯವರೊಬ್ಬರು ಜೊತೆಗಿರಲಿ.