ಟ್ಯಾಪೆಟ್ ಶಬ್ದ ನಿಂತ್ಮೇಲೆ ಅಂಬಾಸಿಡರ್ ಎಳೀತಿಲ್ಲ, ಯಾಕೆ?

ಪ್ರಶ್ನೆ: ನಮಸ್ತೆ ಸರ್, ನಮ್ದು ಶಿವಮೊಗ್ಗ. ಅಪ್ಪ ತಗೊಂಡಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಗಾಡಿನ ಇನ್ನೂ ಇಟ್ಕೊಂಡಿದೀವಿ. ಟ್ಯಾಪೆಟ್ ಟಕ್ ಟಕ್ ಅಂತಿತ್ತು ಅಂತ ಒಂದು ಗ್ಯಾರೇಜಿಗೆ ಬಿಟ್ವಿ, ಅವ್ರು ಎಂಜಿನ್ ಆನ್ ಇಟ್ಕೊಂಡೇ ಶಬ್ದ ನಿಲ್ಲೋವರೆಗೂ ಸ್ಕ್ರೂ ಟೈಟ್ ಮಾಡಿ ಕೊಟ್ರು. ಈಗ ಶಬ್ದ ಇಲ್ಲ, ಆದ್ರೆ ಬಿಸಿ ಆದ್ಮೇಲೆ ಐಡ್ಲಿಂಗಲ್ಲಿ ಗಾಡಿ ನಡುಗುತ್ತೆ, ಆಗುಂಬೆ ಘಾಟಿ ಹತ್ತೋಕೆ ಎರಡನೇ ಗೇರಲ್ಲೂ ಒದ್ದಾಡುತ್ತೆ. ಕಾರ್ಬ್ಯುರೇಟರ್ ಬದಲಾಯಿಸಿ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಕಾರ್ಬ್ಯುರೇಟರಿಗೆ ಸದ್ಯಕ್ಕೆ ದುಡ್ಡು ಹಾಕ್ಬೇಡಿ. ತಣ್ಣಗಿದ್ದಾಗ ಸರಿ ಇದ್ದು ಬಿಸಿ ಆದ್ಮೇಲೆ ನಡುಗುತ್ತೆ ಅಂತೀರಲ್ಲ, ಅದೂ ಟ್ಯಾಪೆಟ್ ಟೈಟ್ ಮಾಡ್ಸಿದ್ಮೇಲೇ ಶುರುವಾಗಿದ್ದು, ಹಂಗಾಗಿ ನನಗೆ ಅನುಮಾನ ಇರೋದು ಟ್ಯಾಪೆಟ್ ಮೇಲೇ. ಎಂಜಿನ್ ಕಾದಾಗ ವಾಲ್ವ್ ಕಡ್ಡಿ ಉದ್ದ ಆಗುತ್ತೆ, ಅದಕ್ಕೆ ಜಾಗ ಇರ್ಲಿ ಅಂತಾನೇ ವಾಲ್ವ್ ಕಡ್ಡಿಗೂ ಅದನ್ನ ಒತ್ತೋ ರಾಕರ್ ತೋಳಿಗೂ ಮಧ್ಯೆ ಸಣ್ಣ ಗ್ಯಾಪ್ ಬಿಡೋದು, ಟ್ಯಾಪೆಟ್ ಸೆಟ್ಟಿಂಗ್ ಅನ್ನೋದು ಇದನ್ನೇ. ಜಾಗ ಇಲ್ಲ ಅಂದ್ರೆ ವಾಲ್ವ್ ಪೂರ್ತಿ ಮುಚ್ಕೊಳಲ್ಲ, ಕಂಪ್ರೆಶನ್, ಅಂದ್ರೆ ಸಿಲಿಂಡರೊಳಗಿನ ಒತ್ತಡ, ಸೋರಿ ಹೋಗುತ್ತೆ, ಘಾಟಿಲಿ ಎಳೆಯೋಕೆ ದಮ್ಮೇ ಇರಲ್ಲ. ಅದಕ್ಕಿಂತ ಕೆಟ್ಟದ್ದು ಏನಂದ್ರೆ ಎಕ್ಸಾಸ್ಟ್ ವಾಲ್ವ್ ತನ್ನ ಬಹುಪಾಲು ಶಾಖನ ಸೀಟಿಗೆ (ಮುಚ್ಕೊಂಡಾಗ ವಾಲ್ವ್ ಕೂರೋ ಜಾಗಕ್ಕೆ) ಒತ್ಕೊಂಡಿರೋ ಹೊತ್ತಲ್ಲೇ ಹೆಡ್‌ಗೆ ದಾಟಿಸ್ಬೇಕು, ಒತ್ಕೊಳ್ಳೋಕೇ ಬಿಡ್ಲಿಲ್ಲ ಅಂದ್ರೆ ಅಂಚು ಸುಟ್ಟು ಹೋಗುತ್ತೆ. ಈ ಎಂಜಿನ್ನಿನ ಟ್ಯಾಪೆಟ್ ಸ್ವಲ್ಪ ಟಿಕಟಿಕ ಅನ್ನೋದು ಸಹಜ ಕಣ್ರೀ, ಪೂರ್ತಿ ಸುಮ್ನಿದ್ರೇನೇ ನನಗೆ ಭಯ ಆಗೋದು.

ನಿಮ್ಮದು 1489 ಸಿಸಿ ಬಿಎಂಸಿ ಎಂಜಿನ್. ಎಂಟು ವಾಲ್ವಿಗೂ ಒಂದೇ ಲೆಕ್ಕ, ಎಂಜಿನ್ ಪೂರ್ತಿ ತಣ್ಣಗಿದ್ದಾಗ 0.015 ಇಂಚು, ಅಂದ್ರೆ ಗ್ಯಾರೇಜಲ್ಲಿ ಹೇಳೋ ಹದಿನೈದು ಥೌ (ಇಂಚಿನ ಸಾವಿರದಲ್ಲಿ ಹದಿನೈದು ಭಾಗ), ಮಿಲಿಮೀಟರಲ್ಲಿ 0.38. ರಾತ್ರಿ ನಿಲ್ಸಿ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಮಾಡಿ. ನಾಲ್ಕೂ ಪ್ಲಗ್ ಬಿಚ್ಚಿಬಿಡಿ, ಎಂಜಿನ್ ಹಗುರವಾಗಿ ತಿರುಗುತ್ತೆ. ಹ್ಯಾಂಡಲ್ ಇದ್ರೆ ಹ್ಯಾಂಡಲ್ಲಲ್ಲಿ ತಿರುಗ್ಸಿ, ಇಲ್ಲಾಂದ್ರೆ ಸಮತಟ್ಟು ಜಾಗದಲ್ಲಿ ಕೀ ಆಫ್ ಮಾಡಿ ಟಾಪ್ ಗೇರ್ ಹಾಕಿ ಯಾರಾದ್ರೂ ಗಾಡಿನ ಒಂದೊಂದು ಗೇಣು ಮುಂದಕ್ಕೆ ತಳ್ಳಲಿ.

ಈಗ ಲೆಕ್ಕ. ರೇಡಿಯೇಟರ್ ಕಡೆಯಿಂದ ವಾಲ್ವುಗಳನ್ನ 1ರಿಂದ 8ರವರೆಗೆ ಎಣಿಸ್ಕೊಳಿ, ಪೂರ್ತಿ ತೆರೆದಿರೋ ವಾಲ್ವ್ ನಂಬರು ಮತ್ತೆ ನೀವು ಸೆಟ್ ಮಾಡೋ ವಾಲ್ವ್ ನಂಬರು ಕೂಡಿದ್ರೆ ಒಂಬತ್ತು ಬರ್ಬೇಕು. 8ರ ಸ್ಪ್ರಿಂಗ್ ಪೂರ್ತಿ ಅದುಮ್ಕೊಂಡಾಗ 1 ಸೆಟ್ ಮಾಡಿ, ತಿರುಗಿಸ್ತಾ ಹೋದ ಹಾಗೆ 6 ಅದುಮ್ಕೊಳುತ್ತೆ ಆಗ 3, ಆಮೇಲೆ 4ಕ್ಕೆ 5, 7ಕ್ಕೆ 2, 1ಕ್ಕೆ 8, 3ಕ್ಕೆ 6, 5ಕ್ಕೆ 4, ಕೊನೆಗೆ 2ಕ್ಕೆ 7. ಈ ಸಾಲಲ್ಲೇ ಹೋದ್ರೆ ಎಂಜಿನ್ ಎರಡು ಸುತ್ತು ತಿರುಗೋದ್ರೊಳಗೆ ಎಂಟೂ ಮುಗಿಯುತ್ತೆ. ಇದರಲ್ಲಿ 1, 4, 5, 8 ಎಕ್ಸಾಸ್ಟು, ಉಳಿದಿದ್ದು ಇನ್‌ಲೆಟ್ಟು. ಪಕ್ಕಪಕ್ಕ ಕೂತು ಒಂದೇ ಪೋರ್ಟಿಗೆ ಹೊಗೆ ಬಿಡೋ 4 ಮತ್ತೆ 5 ಮೇಲೆ ವಿಶೇಷ ಕಣ್ಣಿಡಿ, ಶಾಖ ಅಲ್ಲೇ ಸೇರೋದು.

ಲಾಕ್‌ನಟ್ ಸಡಿಲ ಮಾಡಿ, ಗ್ಯಾಪ್ ಅಳೆಯೋ ತೆಳು ಬ್ಲೇಡಿನ ಫೀಲರ್ ಗೇಜ್ ತೂರ್ಸಿ, ಸ್ಕ್ರೂ ಬಲಕ್ಕೆ ತಿರುಗಿಸಿದ್ರೆ ಗ್ಯಾಪ್ ಕಮ್ಮಿ ಆಗುತ್ತೆ. ಬ್ಲೇಡ್ ಎಳೆದಾಗ ಹಿಡಿದೂ ಹಿಡಿಯದ ಹಾಗೆ ಬರ್ಬೇಕು. ಲಾಕ್‌ನಟ್ ಬಿಗಿ ಮಾಡೋವಾಗ ಸ್ಕ್ರೂನೂ ಜೊತೆಗೆ ತಿರುಗಿಬಿಡುತ್ತೆ, ಸ್ಕ್ರೂಡ್ರೈವರ್ ಒತ್ತಿ ಹಿಡ್ಕೊಂಡೇ ಬಿಗಿ ಮಾಡಿ, ಆಮೇಲೆ ಇನ್ನೊಂದು ಸಲ ಗೇಜ್ ಹಾಕಿ ನೋಡ್ಲೇಬೇಕು, ಬಹಳ ಜನ ಇದೊಂದನ್ನ ಬಿಟ್ಟು ಕೆಲಸ ಕೆಡಿಸ್ಕೊಳ್ತಾರೆ.

ಇಷ್ಟು ಮಾಡಿದ್ಮೇಲೂ ಜೋರಾಗಿ ಟಕ್ ಟಕ್ ಅಂದ್ರೆ ಸ್ಕ್ರೂ ಮುಟ್ಟೋಕೆ ಹೋಗ್ಬೇಡಿ, ರಾಕರ್ ಬಿಚ್ಚಿಸಿ ತುದಿ ನೋಡಿ. ವಾಲ್ವ್ ಕಡ್ಡಿ ಬಡಿದು ಬಡಿದು ಅಲ್ಲಿ ಸಣ್ಣ ಗುಳಿ ಬಿದ್ದಿರುತ್ತೆ, ಗೇಜು ಆ ಗುಳಿ ಮೇಲೆ ಸೇತುವೆ ಥರ ಕೂತ್ಕೊಳುತ್ತೆ, ನಿಮಗೆ ಹದಿನೈದು ಅನ್ಸಿದ್ರೂ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತೆ. ಅದಕ್ಕೆ ಮದ್ದು ರಾಕರ್ ರಿಪೇರಿ ಅಥವಾ ಬದಲಾವಣೆ. ನಿಮ್ಮ ಮೊದಲಿನ ಶಬ್ದಕ್ಕೂ ಇದೇ ಕಾರಣ ಇರ್ಬಹುದು, ಶಾಫ್ಟ್ ಬುಶ್ ಸವೆದಿದ್ರೂ ಹಿಂಗೇ ಆಗುತ್ತೆ.

ಸೆಟ್ ಮಾಡಿದ್ಮೇಲೂ ನಡುಗು ಹೋಗ್ಲಿಲ್ಲ ಅಂದ್ರೆ ಕಂಪ್ರೆಶನ್ ಚೆಕ್ ಮಾಡ್ಸಿ. ಯಾವುದಾದ್ರೂ ಸಿಲಿಂಡರ್ ಕಮ್ಮಿ ತೋರಿಸಿದ್ರೆ ಪ್ಲಗ್ ತೂತಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ಪಿಸ್ಟನ್ ರಿಂಗಿನ ತೊಂದ್ರೆ, ಏರ್ಲಿಲ್ಲ ಅಂದ್ರೆ ಹೆಚ್ಚಾಗಿ ವಾಲ್ವೇ. ಗ್ಯಾರೇಜಿಂದ ತಂದ ದಿನದಿಂದ ಈ ಸ್ಥಿತಿಲೇ ಎಷ್ಟು ಕಿಲೋಮೀಟರ್ ಓಡ್ಸಿದೀರೋ ಗೊತ್ತಿಲ್ಲ, ದಯವಿಟ್ಟು ಸೆಟ್ ಮಾಡೋವರೆಗೂ ಘಾಟಿ ಕಡೆ ಹೋಗ್ಬೇಡಿ.

ಇನ್ನೊಂದು ಮಾತು, ನಿಮ್ಮ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಆ ಸೀಸ ವಾಲ್ವಿಗೂ ಸೀಟಿಗೂ ಮಧ್ಯೆ ತೆಳುವಾಗಿ ಮೆತ್ಕೊಂಡು ಕಾಪಾಡ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಎಲ್ಲ ಕಡೆ ಸೀಸ ಇಲ್ಲದ ಪೆಟ್ರೋಲೇ ಬಂತು, ಈ ಎಂಜಿನ್ನಲ್ಲೋ ಸೀಟನ್ನ ಬೀಡು ಕಬ್ಬಿಣದ ಹೆಡ್ಡಲ್ಲೇ ಕೊರೆದಿರ್ತಾರೆ, ಬೇರೆ ರಿಂಗ್ ಇರಲ್ಲ. ಹೈವೇಲಿ ಜಾಸ್ತಿ ಓಡಿಸಿದ್ರೆ ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಹೆಡ್ಡೊಳಗೆ ಇಳೀತಾ ಹೋಗುತ್ತೆ, ಇಳಿದಷ್ಟೂ ಗ್ಯಾಪ್ ಮುಚ್ಕೊಳುತ್ತೆ, ಯಾವ ಶಬ್ದನೂ ಬರಲ್ಲ.

ಅದಕ್ಕೆ ಸ್ಕ್ರೂ ತಿರುಗಿಸೋಕೆ ಮುಂಚೆ ಎಂಟೂ ಗ್ಯಾಪ್ ಅಳೆದು ಒಂದು ಪುಸ್ತಕದಲ್ಲಿ ಬರ್ಕೊಳಿ, ಸೆಟ್ ಮಾಡಿ ಸಾವಿರ ಕಿಲೋಮೀಟರ್ ಓಡ್ಸಿದ್ಮೇಲೆ ಮತ್ತೆ ಅಳೆದು ಪಕ್ಕದಲ್ಲೇ ಬರೀರಿ. ಎಲ್ಲ ಹದಿನೈದರ ಆಸುಪಾಸಲ್ಲೇ ಇದ್ರೆ ಎಂಟು ಹತ್ತು ಸಾವಿರಕ್ಕೊಂದು ಸಲ ನೋಡಿದ್ರೆ ಸಾಕು. ಒಂದೇ ಎಕ್ಸಾಸ್ಟ್ ಪ್ರತಿ ಸಲ ಟೈಟಾಗ್ತಾ ಬಂದ್ರೆ ಹೆಡ್ ಇಳಿಸಿ, ಒಳ್ಳೆ ಮಶೀನ್ ಶಾಪಲ್ಲಿ ಗಟ್ಟಿ ಸೀಟ್ ರಿಂಗ್ ಕೂರ್ಸಿ, ಒಂದಕ್ಕಲ್ಲ ನಾಲ್ಕು ಎಕ್ಸಾಸ್ಟಿಗೂ ಒಟ್ಟಿಗೇ ಹಾಕ್ಸಿ.