ಸಂಪಾದಕರ ಉತ್ತರ: ದೋಸ್ತಿ ಇದ್ದರೂ ಸುಂಕ ಯಾಕೆ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಅಮೆರಿಕ, ದಕ್ಷಿಣ ಕೊರಿಯಾ ಗಳಸ್ಯ ಕಂಠಸ್ಯ. ಮುಕ್ತ ವ್ಯಾಪಾರ ಒಪ್ಪಂದವೂ ಇದೆ. ಆದರೂ 2025ರಲ್ಲಿ ಟ್ರಂಪ್ ಕೊರಿಯಾದ ಕಾರಿಗೆ ಶೇ 25 ಸುಂಕ ಹಾಕಿದರು. ಹಾಗಾದರೆ ಒಪ್ಪಂದ ಬರೀ ಕಾಗದವೇ? ನನ್ನ ಮಗ ನ್ಹಾವಾ ಶೇವಾ ಬಂದರಿನಲ್ಲಿ, ಆಮದು ಮಾಲನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಬಳಿ ಕೆಲಸಕ್ಕಿದ್ದಾನೆ. ಭಾರತವೂ ಸಾಲಾಗಿ ಒಪ್ಪಂದ ಮಾಡಿಕೊಳ್ಳುತ್ತಿದೆಯಲ್ಲ, ನಂಬಬಹುದೇ?"

ನಮಸ್ಕಾರ. ಸ್ನೇಹ ಇದ್ದರೆ ವ್ಯಾಪಾರದ ಮಾತು ಸಲೀಸು ಅಂತ ನೀವು ಅಂದುಕೊಂಡ ಹಾಗಿದೆ. ನನಗೆ ಹಾಗನ್ನಿಸುವುದಿಲ್ಲ.

ಇವರಿಬ್ಬರ ರಕ್ಷಣಾ ಒಪ್ಪಂದ 1953ರದು. ವ್ಯಾಪಾರದ ಒಪ್ಪಂದಕ್ಕೆ 2007ರ ಜೂನ್ 30ರಂದು ಸಹಿ ಬಿತ್ತು. ಜಾರಿಗೆ ಬಂದದ್ದು ಮಾತ್ರ 2012ರ ಮಾರ್ಚ್ 15ಕ್ಕೆ. ಇಷ್ಟು ತಡವಾಗಲು ಮುಖ್ಯ ಕಾರಣ ಎರಡು: ದನದ ಮಾಂಸ, ಕಾರು. ಅಮೆರಿಕದ ದನದ ಮಾಂಸಕ್ಕೆ ಬಾಗಿಲು ತೆರೆಯಲು ಹೊರಟಾಗ, 2008ರಲ್ಲಿ, ಸಿಯೋಲ್‌ನ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ವಾರಗಟ್ಟಲೆ ಪ್ರತಿಭಟಿಸಿದರು. ಹುಚ್ಚು ದನದ ರೋಗದ ಭಯ. ಆ ಕಡೆ ಅಮೆರಿಕದವರಿಗೆ ಕೊರಿಯಾದ ಕಾರಿನ ಭಯ. 2010ರ ಕೊನೆಗೆ ಕಾರಿನ ಕಲಮುಗಳನ್ನು ತಿದ್ದಿದ ಮೇಲೇ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಒಪ್ಪಿತು. 2011ರ ನವೆಂಬರ್‌ನಲ್ಲಿ ಕೊರಿಯಾದ ಸಂಸತ್ತಿನಲ್ಲಿ ಮತಕ್ಕೆ ಬಂದಾಗ ವಿರೋಧ ಪಕ್ಷದ ಸದಸ್ಯರೊಬ್ಬರು ಸಭೆಯೊಳಗೇ ಅಶ್ರುವಾಯು ಸಿಡಿಸಿದರು. ನಮ್ಮವರು ಮೈಕ್ ಕೀಳುವುದೆಲ್ಲ ಇದರ ಮುಂದೆ ಏನೂ ಅಲ್ಲ ಬಿಡಿ.

ಒಪ್ಪಂದದ ಒಳಗೂ ಅಷ್ಟೇ, ಇಬ್ಬರೂ ತಂತಮ್ಮದನ್ನು ಬಚ್ಚಿಟ್ಟುಕೊಂಡೇ ಸಹಿ ಹಾಕಿದರು. ಕೊರಿಯಾ ಅಕ್ಕಿಯನ್ನು ಪೂರ್ತಿ ಹೊರಗಿಟ್ಟಿತು. ದನದ ಮಾಂಸದ ಮೇಲಿನ ಶೇ 40 ಸುಂಕವನ್ನು 15 ವರ್ಷಕ್ಕೆ ಹಂಚಿ ಇಳಿಸಿತು. ಅಮೆರಿಕ ತನ್ನ ಪಿಕಪ್ ಟ್ರಕ್ಕನ್ನು ಕಾಪಾಡಿಕೊಂಡಿತು. ಇದರ ಮೇಲಿನ ಶೇ 25 ಸುಂಕದ ಕಥೆ ಮಜವಾಗಿದೆ. 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು. ಆ ಸಿಟ್ಟಿಗೆ ಅಮೆರಿಕ 1964ರಿಂದ ಸಣ್ಣ ಟ್ರಕ್ಕುಗಳ ಮೇಲೆ ಶೇ 25 ಹಾಕಿತು. ಕೋಳಿ ಜಗಳ ಮರೆತು ಯಾವ ಕಾಲವಾಯಿತೋ, ಟ್ರಕ್ಕಿನ ಸುಂಕ ಇನ್ನೂ ಕೂತಿದೆ. ಕೊರಿಯಾದ ಮಟ್ಟಿಗೆ ಅದು 2021ಕ್ಕೆ ಹೋಗಬೇಕಿತ್ತು. 2018ರಲ್ಲಿ ಟ್ರಂಪ್ ಸರ್ಕಾರ ಒಪ್ಪಂದವನ್ನೇ ತಿದ್ದಿಸಿ 2041ಕ್ಕೆ ಎಳೆಯಿತು.

ಈಗ ನಿಮ್ಮ ಕಾರು. ಅಮೆರಿಕದಲ್ಲಿ ಆಮದು ಕಾರಿನ ಮಾಮೂಲು ಸುಂಕ ಶೇ 2.5. ಒಪ್ಪಂದದಿಂದಾಗಿ 2016ರಿಂದ ಕೊರಿಯಾದ ಕಾರಿಗೆ ಅದೂ ಇರಲಿಲ್ಲ, ಜಪಾನಿನ ಕಾರಿಗೆ ಇತ್ತು. ಅಂದರೆ ಎದುರಾಳಿಗಿಂತ ಎರಡೂವರೆಯಷ್ಟು ಮುಂದೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ದೇಶದ ಭದ್ರತೆಯ ಹೆಸರಿನ 1962ರ ಕಾನೂನು ಹೊರತೆಗೆದು ಶೇ 25 ಹೇರಿದರು. ಮಿತ್ರನ ಕಾರಿನಿಂದ ಭದ್ರತೆಗೆ ಅಪಾಯವಂತೆ! ಜುಲೈ ಕೊನೆಯಲ್ಲಿ ಚೌಕಾಸಿ ನಡೆದು ಶೇ 15ರ ಮಾತಾಯಿತು. ಬದಲಿಗೆ ಕೊರಿಯಾ ಅಮೆರಿಕದಲ್ಲಿ 35,000 ಕೋಟಿ ಡಾಲರ್ ಹೂಡಬೇಕು. ಕಾರಿಗೆ ಇಂಥ ಯಾವ ರಿಯಾಯಿತಿಯೂ ಇಲ್ಲದ ಜಪಾನಿಗೂ ಅದೇ ಶೇ 15. ಎರಡೂವರೆಯ ಲಾಭ ನೀರಿನಲ್ಲಿ ಹೋಯಿತು.

ಕೊರಿಯಾ ತಿರುಗಿ ಸುಂಕ ಹಾಕಲಿಲ್ಲ ಯಾಕೆ? ಸುಮಾರು 28,500 ಅಮೆರಿಕನ್ ಸೈನಿಕರು ಅಲ್ಲಿದ್ದಾರೆ, ಪಕ್ಕದಲ್ಲೇ ಉತ್ತರ ಕೊರಿಯಾ ಇದೆ. ಮನೆ ಕಾಯುವವನ ಜೊತೆ ಎಷ್ಟು ಅಂತ ಜಗಳವಾಡೋದು? ನೀವು ಯಾವ ದೋಸ್ತಿಯು ಒಪ್ಪಂದವನ್ನು ಕಾಪಾಡಬೇಕಿತ್ತು ಅನ್ನುತ್ತೀರೋ, ಅದೇ ಕೊರಿಯಾದ ಕೈ ಕಟ್ಟಿಹಾಕಿತು.

ಹಾಗಂತ ಒಪ್ಪಂದ ಸುಮ್ನೆ ಅಂತಲ್ಲ. ಹದಿಮೂರು ವರ್ಷ ಅದು ಕೆಲಸ ಮಾಡಿದೆ. ಅಷ್ಟೊಂದು ಮೇಣದಬತ್ತಿ ಉರಿದ ದೇಶ ಇವತ್ತು ಅಮೆರಿಕದ ದನದ ಮಾಂಸದ ದೊಡ್ಡ ಗಿರಾಕಿಗಳಲ್ಲಿ ಒಂದು.

ನಮ್ಮದಕ್ಕೆ ಬರೋಣ. ಕೊರಿಯಾದ ಜೊತೆ ನಮಗೂ 2010ರ ಜನವರಿ 1ರಿಂದ ಒಪ್ಪಂದ ಇದೆ. ಅದರ ಕಿರಿಕಿರಿ ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತಿರುತ್ತದೆ. 2020ರ ಸೆಪ್ಟೆಂಬರ್‌ನಿಂದ ಸುಂಕದ ರಿಯಾಯಿತಿಗೆ ಬರೀ ಒರಿಜಿನ್ ಸರ್ಟಿಫಿಕೇಟ್ (ಮಾಲು ಯಾವ ದೇಶದ್ದು ಅನ್ನೋ ಪ್ರಮಾಣಪತ್ರ) ತೋರಿಸಿದರೆ ಸಾಲದು. ಮಾಲು ಅಲ್ಲೇ ತಯಾರಾದದ್ದು ಹೇಗೆ ಅನ್ನೋ ವಿವರವನ್ನು ಆಮದುದಾರರೇ ಇಟ್ಟುಕೊಂಡಿರಬೇಕು. ಕೆಲಸ ಜಾಸ್ತಿ ನಿಜ. ಆದರೆ ಮೂರನೇ ದೇಶದ ಮಾಲು ಕೊರಿಯಾದ ಚೀಟಿ ಅಂಟಿಸಿಕೊಂಡು ಬಂದರೆ ಬೇರೆ ದಾರಿ ಏನಿದೆ?

ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾದ ಒಪ್ಪಂದವನ್ನು ನಾನಂತೂ ಹೆಚ್ಚುಕಡಿಮೆ ನಂಬುತ್ತೇನೆ. ಸ್ಕಾಚ್ ಮೇಲಿನ ಶೇ 150 ಸುಂಕ 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯುತ್ತದೆ. ನಮ್ಮ ಹೈನುಗಾರಿಕೆಯನ್ನು ಹೊರಗಿಟ್ಟಿದ್ದಾರೆ. ನಮ್ಮ ಗಡಿ ಕಾಯಲು ಬ್ರಿಟನ್ ಸೈನ್ಯ ಬೇಕಿಲ್ಲ, ಹಾಗಾಗಿ ಮಾತು ತಪ್ಪಿದರೆ ಕೇಳುವ ಧೈರ್ಯ ನಮಗಿರುತ್ತದೆ. ಅಮೆರಿಕದ ಜೊತೆಗಿನ ಯಾವ ಕಾಗದ ಕೈಗೆ ಬಂದರೂ ಸುಂಕದ ಪಟ್ಟಿ ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಭದ್ರತೆಯ ಹೆಸರಲ್ಲಿ ಒಪ್ಪಂದ ಮೀರಲು ಬಿಡುವ ಕಲಮು ಎಲ್ಲಿದೆ, ಎಷ್ಟು ಅಗಲ ಇದೆ ಅಂತ.

– ಸಂಪಾದಕ